ಕೌಂಟರಿನ ಎರಡನೇ ಕುರ್ಚಿ

ಗುಡುಗಮ್ಮನಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಈ ಸಲ ಕಾರಣವೂ ಇತ್ತು.

ಆಕೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಹಾಯಕ ಗ್ರಂಥಪಾಲಕಿ. ಗುಡುಗಮ್ಮ ಎಂಬುದು ವಿದ್ಯಾರ್ಥಿಗಳು ಇಟ್ಟ ಹೆಸರು. 'ಮೌನವಾಗಿರಿ' ಎಂದು ಬರೆದ ಫಲಕದ ಕೆಳಗೇ ನಿಂತು, ಓದುವ ಕೋಣೆಯ ಆ ತುದಿಗೂ ಕೇಳುವಂತೆ "ಯಾರದು ಮಾತಾಡ್ತಿರೋದು?" ಎಂದು ಕೂಗುವವಳಿಗೆ ಇನ್ನೇನು ಹೆಸರಿಡಬೇಕು? ಹೆಸರು ಅವಳ ಕಿವಿಗೂ ಬಿದ್ದಿತ್ತು. ಒಳಗೊಳಗೇ ಇಷ್ಟವೂ ಆಗಿತ್ತು. ಗುಡುಗಿದರೆ ಕಡೇಪಕ್ಷ ಎಲ್ಲರೂ ತಲೆಯೆತ್ತಿ ನೋಡುತ್ತಾರಲ್ಲ ಎಂದುಕೊಂಡಿದ್ದಳು.

ಆ ದಿನ ಬೆಳಿಗ್ಗೆ ಮುಖ್ಯ ಗ್ರಂಥಪಾಲಕರು ಅವಳನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಸಿಬ್ಬಂದಿಯೆಲ್ಲ ಬೆನ್ನ ಹಿಂದೆ ಅವರನ್ನು ಬೆಣ್ಣೆ ಸಾಹೇಬರು ಎನ್ನುತ್ತಿದ್ದರು. ಮನುಷ್ಯ ಬೈಯುವುದಿಲ್ಲ, ದನಿ ಏರಿಸುವುದಿಲ್ಲ, ನಗುತ್ತಲೇ ಮಾತಾಡುತ್ತಾರೆ. ಅವರ ಕೋಣೆಗೆ ಹೋದವರಿಗೆ ತಮ್ಮದೇನೋ ಕಳೆದುಹೋಗಿದೆ ಎಂದು ಹೊಳೆಯುವಷ್ಟರಲ್ಲಿ ಅವರು ಕಾರಿಡಾರ್ ದಾಟಿರುತ್ತಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮುಗಿದಿರುತ್ತಿತ್ತು.

"ಬನ್ನಿ, ಕೂತ್ಕೊಳ್ಳಿ. ನಿಮ್ಮ ಇಂಟರ್ನ್‌ಗಳ ವರದಿ ಓದಿದೆ. ಬಹಳ ಚೆನ್ನಾಗಿದೆ! 'ಮೇಲ್ವಿಚಾರಣೆ ಇಲ್ಲದೆಯೇ ಕೌಂಟರ್ ನಿಭಾಯಿಸಬಲ್ಲರು' ಅಂತ ಬರ್ದಿದ್ದೀರಿ. ಸಂತೋಷ ಆಯ್ತು."

ಗುಡುಗಮ್ಮನಿಗೂ ಸಂತೋಷವಾಯಿತು. ಪಾಪ, ಆ ಸಂತೋಷಕ್ಕೆ ಆಯಸ್ಸು ಕಡಿಮೆ.

"ಹಾಗಾದ್ರೆ ಕೌಂಟರ್‌ಗೆ ಇನ್ನೊಬ್ರು ಯಾಕೆ ಬೇಕು ಹೇಳಿ? ಆ ಹೆಂಗಸಿನ ಗುತ್ತಿಗೆ ತಿಂಗಳ ಕೊನೆಗೆ ಮುಗಿಯುತ್ತೆ. ಮುಂದುವರಿಸೋದು ಬೇಡ. ಮುಂದಿನ ಸೆಮಿಸ್ಟರ್‌ಗೆ ಇಬ್ಬರ ಬದಲು ಆರು ಜನ ಇಂಟರ್ನ್ ತಗೊಳ್ಳಿ, ಪಾಳಿ ಹಾಕಿ ಕೂರ್ಸಿ. ಮಕ್ಕಳಿಗೂ ಅನುಭವ, ನಮಗೂ ಅನುಕೂಲ. ಬರೋ ವಾರ ಸಮಿತಿ ಸಭೆಯಲ್ಲಿ ನೀವೇ ಮಂಡಿಸಿ. ಕೀರ್ತಿಯೆಲ್ಲ ನಿಮ್ಮದೇ."

"ಸರ್, ಅವರು ಕಲಿಯೋಕೆ ಬಂದಿರೋ ಮಕ್ಕಳು."

"ಕೆಲಸ ಮಾಡ್ತಾ ಮಾಡ್ತಾ ಕಲೀಲಿ. ನಾವೆಲ್ಲ ಹಾಗೇ ಅಲ್ವಾ ಕಲ್ತಿದ್ದು?"

"ನಾವು ಸಂಬಳ ತಗೊಂಡು ಕಲ್ತಿದ್ದು ಸರ್."

ಅವರು ನಕ್ಕರು. ಒಳ್ಳೆಯ ತಮಾಷೆ ಕೇಳಿದವರ ಹಾಗೆ ತಲೆಯಾಡಿಸಿದರು. "ಇನ್ನೊಂದು. ಆಕೆಗೆ ವಿಷಯ ನೀವೇ ತಿಳಿಸಿಬಿಡಿ. ಹೆಂಗಸರು ಹೆಂಗಸರಿಗೆ ಹೇಳಿದ್ರೆ ಸ್ವಲ್ಪ ಮೆತ್ತಗಿರುತ್ತೆ."

ಗುಡುಗಮ್ಮ ಎದ್ದು ಹೊರಗೆ ಬಂದು ಬಾಗಿಲನ್ನು ಬಲವಾಗಿ ಎಳೆದಳು. ಆ ಬಾಗಿಲಿನ ನೆತ್ತಿಯ ಮೇಲೆ ಅದನ್ನು ತಾನಾಗಿಯೇ ಮುಚ್ಚುವ ಒಂದು ಕಬ್ಬಿಣದ ತೋಳಿತ್ತು. ಎಷ್ಟೇ ಜೋರಾಗಿ ಎಳೆದರೂ ಅದು ತನ್ನ ಪಾಡಿಗೆ ತಾನು ನಿಧಾನವಾಗಿ, ಸದ್ದಿಲ್ಲದೆ ಮುಚ್ಚಿಕೊಂಡಿತು. ದಢಾರ್ ಎನ್ನಿಸುವ ಸುಖವನ್ನೂ ಆ ಕೋಣೆ ಕೊಡಲಿಲ್ಲ.

ಸಿಟ್ಟು ಬೆಣ್ಣೆ ಸಾಹೇಬರ ಮೇಲೊಂದೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಈ ಇಂಟರ್ನ್‌ಷಿಪ್ ಅವಳೇ ಹೆತ್ತ ಕೂಸು. ಹಿಂದೆಲ್ಲ ಪದವಿ ವಿದ್ಯಾರ್ಥಿಗಳು ಇಂಟರ್ನ್ ಎಂದು ಬಂದರೆ ಅವರ ಕೈಗೆ ಧೂಳು ಹೊಡೆಯುವ ಬಟ್ಟೆ ಕೊಡುತ್ತಿದ್ದರು. ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸು, ಆ ಪೆಟ್ಟಿಗೆ ಮೇಲಿನ ಮಹಡಿಗೆ ಹೊತ್ತುಕೋ, ಮೀಟಿಂಗ್‌ಗೆ ಟೀ ತಂದುಕೊಡು. ಕೊನೆಗೆ ಒಂದು ಪ್ರಮಾಣಪತ್ರ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರೇ ಎಲ್ಲ. ಗುಡುಗಮ್ಮ ಇದರ ವಿರುದ್ಧ ವರ್ಷಗಟ್ಟಲೆ ಜಗಳವಾಡಿ, ತಾನೇ ಒಂದು ಯೋಜನೆ ಬರೆದು, ಸಮಿತಿಯ ಗಂಟಲಿಗೆ ಇಳಿಸಿದ್ದಳು. ಮೊದಲು ಕಪಾಟುಗಳ ಪರಿಚಯ, ಆಮೇಲೆ ಪುಸ್ತಕ ವಿಂಗಡಣೆ, ಆಮೇಲೆ ಕೌಂಟರ್, ಕೊನೆಗೆ ಮಕ್ಕಳೇ ಆರಿಸಿಕೊಂಡ ಒಂದು ಸ್ವಂತ ಕೆಲಸ. ಇದೆಲ್ಲಕ್ಕೂ ಮೇಲೆ ಒಂದು ನಿಯಮ: ಇಂಟರ್ನ್ ಕೂರುವ ಪ್ರತಿ ಮೇಜಿಗೂ ಎರಡು ಕುರ್ಚಿ. ಒಂದು ಕಲಿಯುವವರದು, ಇನ್ನೊಂದು ಕಲಿಸುವವರದು. ಕಲಿಸುವವರ ಕುರ್ಚಿ ಖಾಲಿಯಿದ್ದರೆ ಕಲಿಯುವವರು ಏಳಬೇಕು. ಮಕ್ಕಳನ್ನು ಯಾರೂ ಬಿಟ್ಟಿ ದುಡಿಸಿಕೊಳ್ಳಬಾರದು ಎಂದೇ ಅವಳು ಹಾಕಿದ ಬೇಲಿ ಅದು.

ಆ ಬೇಲಿಯನ್ನು ಹಾರಿದವಳೂ ಅವಳೇ.

ಕೌಂಟರಿನಲ್ಲಿ ಕಲಿಸುವವರ ಕುರ್ಚಿ ರೇಡಿಯೋದು. ರೇಡಿಯೋ ಎಂದರೆ ಬೆಣ್ಣೆ ಸಾಹೇಬರು ಹೇಳಿದ 'ಆ ಹೆಂಗಸು'. ಪುಸ್ತಕ ಕೊಡುವುದು, ಹಿಂದಕ್ಕೆ ತೆಗೆದುಕೊಳ್ಳುವುದು, ತಡವಾದರೆ ದಂಡ ಹಾಕುವುದು ಅವಳ ಕೆಲಸ. ಬಾಯಿ ಮುಚ್ಚಿ ಮಾಡಿದ್ದು ಮಾತ್ರ ಯಾರೂ ಕಂಡಿಲ್ಲ. ಪುಸ್ತಕ ಹಿಂದಿರುಗಿಸಲು ಬಂದವನ ಅಜ್ಜಿಯ ಮಂಡಿನೋವಿನವರೆಗೆ ವಿಚಾರಿಸುತ್ತಿದ್ದಳು. ಹೊಸ ಕಾದಂಬರಿ ಬಂದರೆ ತನಗೆ ಬೇಕಾದವರಿಗೆ ಎಂದು ಮೇಜಿನ ಕೆಳಗೆ ಬಚ್ಚಿಡುತ್ತಿದ್ದಳು. ಗುಡುಗಮ್ಮನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಒಬ್ಬಳು ಮಾತು ನಿಲ್ಲಿಸಲು ಕೂಗುವವಳು, ಇನ್ನೊಬ್ಬಳು ಕೂಗಿದರೂ ಮಾತು ನಿಲ್ಲಿಸದವಳು.

ಹೋದ ತಿಂಗಳು ರೇಡಿಯೋಳ ಮಗಳಿಗೆ ಹೆರಿಗೆ ಕಷ್ಟವಾಗಿ, ಅವಳು ಒಂದು ವಾರ ಆಸ್ಪತ್ರೆಯಲ್ಲೇ ಇರಬೇಕಾಯಿತು. ಗುತ್ತಿಗೆಯವರಿಗೆ ರಜೆಯೆಂದರೆ ದೊಡ್ಡ ರಗಳೆ, ಬದಲಿ ತೋರಿಸಬೇಕು. ಆಗ ಇಬ್ಬರು ಇಂಟರ್ನ್‌ಗಳೂ ತಾವಾಗಿಯೇ ಮುಂದೆ ಬಂದರು. ಒಬ್ಬಳು ಕನ್ನಡಕದ ಹುಡುಗಿ, ಇನ್ನೊಬ್ಬ ಎಲ್ಲರೂ ಉದ್ದಣ್ಣ ಎನ್ನುತ್ತಿದ್ದ ಹುಡುಗ. "ಮೇಡಂ, ಅಕ್ಕ ಹೋಗಿ ಬರ್ಲಿ. ನಾವು ನೋಡ್ಕೋತೀವಿ." ಒಳ್ಳೆಯ ಕೆಲಸವಲ್ಲವೇ ಎಂದು ಗುಡುಗಮ್ಮ ಒಪ್ಪಿದಳು. ಎರಡು ಕುರ್ಚಿಯಲ್ಲೂ ಕಲಿಯುವವರೇ ಕೂತರು. ಮಕ್ಕಳು ಎಷ್ಟು ಚೆನ್ನಾಗಿ ನಡೆಸಿದರೆಂದರೆ, ಅಜ್ಜಿಯ ಮಂಡಿನೋವಿನ ವಿಚಾರಣೆ ಇಲ್ಲದ್ದರಿಂದ ಸಾಲು ಸರಸರ ಕರಗುತ್ತಿತ್ತು. ಓದುಗರು ಹೊಗಳಿದರು. ಗುಡುಗಮ್ಮ ಉಬ್ಬಿಹೋದಳು. ಆ ಉಬ್ಬಿನಲ್ಲೇ ಕೂತು ವರದಿಯಲ್ಲಿ ಆ ಸಾಲು ಬರೆದಳು: ಮೇಲ್ವಿಚಾರಣೆ ಇಲ್ಲದೆಯೇ ನಿಭಾಯಿಸಬಲ್ಲರು. ತನ್ನ ಶಿಷ್ಯರ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಯಾವ ಗುರು ತಾನೇ ಬರೆದಾಳು?

ಈಗ ಆ ಸಾಲನ್ನೇ ಹಿಡಿದು ಒಬ್ಬಳ ಕುತ್ತಿಗೆ ಕೊಯ್ಯಲು ಹೊರಟಿದ್ದರು. ಕೈಗೆ ಕತ್ತಿ ಕೊಟ್ಟವಳು ತಾನೇ ಎಂದು ನೆನೆದಾಗಲೆಲ್ಲ ಅವಳ ಮೈ ಉರಿಯಿತು.

ಕೆಳಗಿಳಿದು ಬಂದರೆ ರೇಡಿಯೋ ಕೌಂಟರಿನಲ್ಲಿ ಫೋನ್ ಹಿಡಿದು, ಸಾಲಿನಲ್ಲಿ ನಿಂತ ಅಷ್ಟೂ ಜನರಿಗೆ ಮೊಮ್ಮಗಳ ಫೋಟೋ ತೋರಿಸುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಕನ್ನಡಕದ ಹುಡುಗಿ ಪುಸ್ತಕಗಳ ಬಾರ್‌ಕೋಡಿಗೆ ಸ್ಕ್ಯಾನರ್ ಹಿಡಿಯುತ್ತ ಕೂತಿದ್ದಳು.

"ಮೇಡಂ, ನೋಡಿ, ಮೂಗು ಥೇಟ್ ನಂದೇ!"

ಹೇಳಬೇಕಾದ್ದು ಗುಡುಗಮ್ಮನ ಗಂಟಲವರೆಗೆ ಬಂತು. ಬಾಯಿಂದ ಹೊರಬಿದ್ದದ್ದು ಬೇರೆ. "ಏನ್ರೀ ಇದು, ಗ್ರಂಥಾಲಯನೋ ಸಂತೆನೋ? ಸಾಲಲ್ಲಿ ಜನ ನಿಂತಿರೋದು ಕಾಣಲ್ವಾ ನಿಮಗೆ? ಫೋನ್ ಒಳಗಿಡಿ!"

ಇಡೀ ಕೋಣೆ ತಲೆಯೆತ್ತಿತು. ರೇಡಿಯೋ ಮುಖ ಊದಿಸಿಕೊಂಡು ಫೋನ್ ಒಳಗಿಟ್ಟಳು. ಅತ್ತೆ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಮಾತು ಗುಡುಗಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ತನ್ನ ಮೇಜಿಗೆ ಹೋಗಿ ಕೂತಾಗ ನಾಚಿಕೆಯಾಯಿತು. ನಾಚಿಕೆಯಿಂದ ಸಿಟ್ಟು ಇಳಿಯಲಿಲ್ಲ, ಇನ್ನೊಂದು ಮೆಟ್ಟಿಲು ಏರಿತು.

ಮನೆಯಲ್ಲಿ ಗಂಡ ಊಟದ ಮೇಜಿನ ಮೇಲೆ ಯಾರದೋ ಗಡಿಯಾರ ಬಿಚ್ಚಿಕೊಂಡು ಕೂತಿದ್ದ. ಅವನದು ಗಡಿಯಾರ ರಿಪೇರಿ ಅಂಗಡಿ, ಮುಗಿಯದ ಕೆಲಸವೆಲ್ಲ ಮನೆಗೆ ಬರುತ್ತಿತ್ತು. ಚಪ್ಪಲಿ ಬಿಟ್ಟ ಸದ್ದಿನಿಂದಲೇ ಅವನಿಗೆ ಹೆಂಡತಿಯ ಹವಾಮಾನ ತಿಳಿಯಿತು. ಸಣ್ಣ ಸ್ಕ್ರೂಗಳನ್ನೆಲ್ಲ ಒಂದು ಬಟ್ಟಲಿಗೆ ಹಾಕಿ ಮುಚ್ಚಿಟ್ಟ. ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು.

"ಸ್ವಲ್ಪ ಸಮಾಧಾನ ಮಾಡ್ಕೋ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ?" ಎಂದ ಅವನು.

"ಮೂಗು ಕೊಯ್ತಿರೋದು ನಾನಲ್ಲ! ಕೊಯ್ಯೋರು ನಗ್ತಾ ನಗ್ತಾ ಕೊಯ್ತಿದ್ದಾರೆ. ಸಮಾಧಾನ ಅಂತೆ ಸಮಾಧಾನ!"

ಅತ್ತೆ ಒಳಗಿನ ಕೋಣೆಯಿಂದಲೇ ಬಾಯಿ ಹಾಕಿದರು. ಅವರು ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಮಾಡಿ ನಿವೃತ್ತರಾದವರು. ಕಿವಿ ಮಂದ ಎಂದು ಹೇಳಿಕೊಂಡರೂ ಜಗಳ ಮಾತ್ರ ಪೂರ್ತಿ ಕೇಳಿಸುತ್ತಿತ್ತು. "ನಮ್ಮ ಕಾರ್ಖಾನೆಲೂ ಹೀಗೇ ಮಾಡಿದ್ರು ಕಣೇ. ಕಲಿಯೋಕೆ ಅಂತ ಹುಡುಗೀರ್ನ ಕರ್ಕೊಂಡ್ ಬಂದ್ರು. ನಾವೇ ಪಕ್ಕ ಕೂರಿಸ್ಕೊಂಡು ಕಾಲರ್ ಹೊಲಿಯೋದು ಕಲ್ಸಿದ್ವಿ. ಕಲ್ತ ಮೇಲೆ ನಮ್ಮನ್ನೇ ಮನೆಗೆ ಕಳ್ಸಿದ್ರು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪಂಗೂ ಇರಲಿ ಅನ್ನೋ ಜನ."

"ನೀವೇನು ಮಾಡಿದ್ರಿ ಆವಾಗ?"

"ಏನ್ ಮಾಡೋದು? ಆ ಹುಡುಗೀರ್ನ ಬೈಕೊಂಡು ಮನೆಗೆ ಬಂದ್ವಿ." ಆಮೇಲೆ ಸೇರಿಸಿದರು. "ಪಾಪ, ಅವರದೇನು ತಪ್ಪಿತ್ತು."

ಆ ರಾತ್ರಿ ಗುಡುಗಮ್ಮ ಅನ್ನ ಬಡಿಸಿದ ಸದ್ದಿಗೆ ಬೆಕ್ಕು ಮನೆ ಬಿಟ್ಟು ಓಡಿತು.

ಮರುದಿನ ಅವಳು ಇಬ್ಬರು ಇಂಟರ್ನ್‌ಗಳನ್ನೂ ಹಳೆಯ ಪತ್ರಿಕೆಗಳ ಕೋಣೆಗೆ ಕರೆದು ಬಾಗಿಲು ಹಾಕಿದಳು. ಆ ಕೋಣೆಗೆ ಓದುಗರು ಬರುವುದು ಅಪರೂಪ. ಕಟ್ಟುಗಳ ಹಳದಿ ಅಂಚು ಮುಟ್ಟಿದರೆ ಪುಡಿಯಾಗುತ್ತಿತ್ತು. ವಿಷಯ ಕೇಳಿ ಕನ್ನಡಕದ ಹುಡುಗಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ನಮ್ಮಿಂದಾನಾ ಮೇಡಂ?"

"ನಿಮ್ಮಿಂದಲ್ಲ."

"ನಮ್ಮಿಂದಾನೇ. ನಾವು ಚೆನ್ನಾಗಿ ಮಾಡಿದ್ದಕ್ಕೆ ತಾನೇ?"

ಉದ್ದಣ್ಣ ಗೋಡೆಗೆ ಒರಗಿ ನಿಂತಿದ್ದ. "ಹಾಗಾದ್ರೆ ನಾಳೆಯಿಂದ ಕೆಟ್ಟದಾಗಿ ಮಾಡ್ತೀವಿ. ಪುಸ್ತಕ ಅದಲು ಬದಲು ಮಾಡ್ತೀವಿ. ಪ್ರೊಫೆಸರ್‌ಗಳಿಗೆಲ್ಲ ದಂಡ ಹಾಕ್ತೀವಿ. ಎರಡೇ ದಿನಕ್ಕೆ ಅಕ್ಕನ್ನ ಕೈಮುಗಿದು ಕರೀತಾರೆ, ನೋಡಿ!"

ಒಂದು ಕ್ಷಣ ಗುಡುಗಮ್ಮನಿಗೂ ಆಸೆಯಾಯಿತು. ದಂಡದ ಚೀಟಿ ಹಿಡಿದು ಬೆಣ್ಣೆ ಸಾಹೇಬರ ಬಾಗಿಲಲ್ಲಿ ನಿಂತ ಪ್ರಾಧ್ಯಾಪಕರ ಸಾಲು ಕಣ್ಣ ಮುಂದೆ ಬಂತು. ಮರುಕ್ಷಣ ಅವಳೊಳಗಿನ ಗ್ರಂಥಪಾಲಕಿ ಎದ್ದು ಕೂತಳು. ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದುಹೋದ ಪುಸ್ತಕವೇ. ಪದವಿಯ ಲೆಕ್ಕಕ್ಕೆ ಇಬ್ಬರಿಗೂ ಸಿಗಬೇಕಾದ ಕ್ರೆಡಿಟ್‌ಗೂ ಕಲ್ಲು ಬೀಳುತ್ತದೆ.

"ಬಾಯ್ಮುಚ್ಚು!" ಎಂದಳು. "ಕಲ್ತ ಕೆಲಸಾನ ಬೇಕಂತ ಕೆಡಿಸೋರನ್ನ ನಾನು ತಯಾರು ಮಾಡಿಲ್ಲ. ಇಷ್ಟು ಚೆನ್ನಾಗಿ ಕಲೀರಿ ಅಂತ ಯಾರ್ರೀ ಹೇಳಿದ್ದು ನಿಮಗೆ?"

"ನೀವೇ ಮೇಡಂ," ಎಂದಳು ಹುಡುಗಿ.

ಹುಡುಗಿಯ ಕಣ್ಣಲ್ಲಿ ನೀರಿತ್ತು. ಗುಡುಗಮ್ಮನಿಗೆ ಅಳು ನೋಡಿದರೆ ಆಗುವುದಿಲ್ಲ, ಇನ್ನಷ್ಟು ಸಿಟ್ಟು ಬರುತ್ತದೆ. ಬಾಗಿಲು ತೆಗೆದು ಇಬ್ಬರನ್ನೂ ಅಟ್ಟಿದಳು.

ಇನ್ನು ಉಳಿದದ್ದು ರೇಡಿಯೋಗೆ ಹೇಳುವುದು. ಮಧ್ಯಾಹ್ನ ಊಟದ ಹೊತ್ತಿಗೆ ಸಿಬ್ಬಂದಿಯ ಕೋಣೆಯಲ್ಲಿ ಅವಳೊಬ್ಬಳೇ ಸಿಕ್ಕಳು. ಡಬ್ಬಿ ಬಿಚ್ಚುತ್ತ, ನಲ್ಲಿಯ ನೀರು ಸೋರುವುದರಿಂದ ಹಿಡಿದು ಅಳಿಯನ ಜಿಪುಣತನದವರೆಗೆ ಒಂದೇ ಉಸಿರಿನಲ್ಲಿ ಪ್ರಸಾರ ನಡೆದಿತ್ತು. ಗುಡುಗಮ್ಮ ಎದುರಿಗೆ ಕೂತು, ಅವಳ ಮಾತಿನ ನಡುವೆಯೇ ಹೇಳಿಬಿಟ್ಟಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ರೇಡಿಯೋ ನಿಂತಿತು.

ಅಷ್ಟು ವರ್ಷಗಳಲ್ಲಿ ಗುಡುಗಮ್ಮ ಕೇಳಬಯಸಿದ್ದ ಮೌನ ಅದು. ಈಗ ಸಿಕ್ಕಾಗ ಕೂತಲ್ಲೇ ಚಡಪಡಿಸಿದಳು. ನಲ್ಲಿ ತೊಟ್ಟಿಕ್ಕುವುದು ನಿಜವಾಗಿಯೂ ಕೇಳಿಸುತ್ತಿತ್ತು.

"ಆ ಹುಡುಗಿಗೆ ಸ್ಕ್ಯಾನರ್ ಹಿಡಿಯೋದು ಕಲ್ಸಿದ್ದು ನಾನು," ಎಂದಳು ರೇಡಿಯೋ ಕೊನೆಗೆ, ತೀರಾ ಸಣ್ಣ ದನಿಯಲ್ಲಿ. "ಆ ಉದ್ದನೆಯವನಿಗೆ ಕಂಪ್ಯೂಟರ್‌ನಲ್ಲಿ ದಂಡ ಕಟ್ಟಿಸಿಕೊಳ್ಳೋದು ಬರ್ತಿರ್ಲಿಲ್ಲ. ಕೈ ಹಿಡಿದು ಕಲ್ಸಿದೆ. ನೀವು ಹೇಳಿದ್ರಿ ಅಂತ. ನನ್ನ ಗುಂಡಿ ನಾನೇ ತೋಡ್ಕೊಂಡೆ, ಮಣ್ಣು ಹಾಕೋಕೆ ನೀವು ಬಂದ್ರಿ."

"ಹಾಗಲ್ಲ ರೀ..."

"ಹೇಗೆ ಮತ್ತೆ? ನೀವೇ ತಾನೇ ಬರ್ದಿದ್ದು ನಾನು ಬೇಡ ಅಂತ?"

"ನೀವು ಬೇಡ ಅಂತ ಬರೀಲಿಲ್ಲ! ಅವರು ಚೆನ್ನಾಗಿ ಮಾಡ್ತಾರೆ ಅಂತ ಬರ್ದೆ!"

"ಎರಡೂ ಒಂದೇ ಆಯ್ತಲ್ಲ." ರೇಡಿಯೋ ಡಬ್ಬಿ ಮುಚ್ಚಿದಳು. ಈಗ ದನಿ ಏರಿತು. "ಗುಡುಗಮ್ಮ ಅಂತಾರೆ ನಿಮ್ಮನ್ನ ಎಲ್ಲರೂ. ಗೊತ್ತಲ್ಲ? ನಿನ್ನೆ ನನ್ನ ಮೊಮ್ಮಗಳ ಫೋಟೋ ಮೇಲೆ ಎಷ್ಟು ಚೆನ್ನಾಗಿ ಗುಡುಗಿದ್ರಿ! ಆವಾಗ್ಲೇ ಗೊತ್ತಿತ್ತು ನಿಮಗೆ. ಗುಡುಗೆಲ್ಲ ನಮ್ಮ ಮೇಲೇನಾ ಮೇಡಂ? ಆ ಕೋಣೆಯೊಳಗೆ ಹೋದ್ರೆ ಒಂದು ಹನಿನೂ ಬೀಳಲ್ವಾ?"

ಅವಳು ಎದ್ದುಹೋದಳು. ಗುಡುಗಮ್ಮ ಅಲ್ಲೇ ಕೂತಿದ್ದಳು. ಆ ಮಾತು ಬೀಳಬೇಕಾದ ಕಡೆಯೇ ಬಿದ್ದಿತ್ತು. ಹೌದಲ್ಲ, ಆ ಕೋಣೆಯಲ್ಲಿ ಅವಳು ಹೇಳಿದ್ದು ಎರಡೇ ಮಾತು, ಎರಡರಲ್ಲೂ ಒಂದೊಂದು 'ಸರ್'. ರೇಡಿಯೋಳನ್ನು ಮೊದಲಿಂದಲೂ ಕಂಡರಾಗದು, ಈಗಂತೂ ಕೊರಳು ಹಿಸುಕಬೇಕೆನಿಸಿತು. ಹೇಳಿದ್ದು ನಿಜವಾದ್ದರಿಂದ ಹಿಸುಕುವ ಹಾಗಿರಲಿಲ್ಲ.

ಸಮಿತಿಯ ಸಭೆ ಮೇಲಿನ ಮಹಡಿಯ ಉದ್ದ ಮೇಜಿನ ಸುತ್ತ ಸೇರಿತು. ಅಧ್ಯಕ್ಷೆ ಗಣಿತದ ಪ್ರಾಧ್ಯಾಪಕಿ. ಮಾತು ಕಡಿಮೆ, ಗೋಡೆಯ ಗಡಿಯಾರದ ಮೇಲೆ ಕಣ್ಣು ಜಾಸ್ತಿ. ಉಳಿದ ಸದಸ್ಯರು ಬಿಸ್ಕತ್ತಿನ ತಟ್ಟೆಯ ಕಡೆ ಗಮನ ಕೊಟ್ಟಿದ್ದರು. ಬೆಣ್ಣೆ ಸಾಹೇಬರು ಇಬ್ಬರು ಇಂಟರ್ನ್‌ಗಳನ್ನೂ ಕರೆಸಿ, ತಮ್ಮ ಮಕ್ಕಳನ್ನು ತೋರಿಸುವವರ ಹಾಗೆ ಬೆನ್ನು ತಟ್ಟಿ ಪರಿಚಯಿಸಿದರು. ಆಮೇಲೆ ಗುಡುಗಮ್ಮನ ಕಡೆ ತಿರುಗಿ, "ಇವರೇ ಇದರ ಶಿಲ್ಪಿ. ಮುಂದಿನದನ್ನ ಇವರೇ ಹೇಳ್ತಾರೆ," ಎಂದು ನಕ್ಕರು.

ಗುಡುಗಮ್ಮ ಎದ್ದು ನಿಂತಳು.

"ನಾನು ತಪ್ಪು ಮಾಡಿದ್ದೀನಿ. ಮೊದಲು ಅದನ್ನ ಹೇಳ್ತೀನಿ. ಕಲಿಸೋರು ಪಕ್ಕದಲ್ಲಿ ಇಲ್ಲದೆ ಇಂಟರ್ನ್ ಯಾವ ಮೇಜಿನಲ್ಲೂ ಕೂರಬಾರದು ಅನ್ನೋದು ನಾನೇ ಬರೆದ ನಿಯಮ, ಈ ಸಮಿತಿ ಒಪ್ಪಿದ ನಿಯಮ. ಒಂದು ವಾರ ಅದನ್ನ ಮುರಿದೆ. ಒಬ್ಬ ತಾಯಿಗೆ ಮಗಳ ಹೆರಿಗೆ ನೋಡ್ಕೊಳ್ಳೋಕೆ ಆಗ್ಲಿ ಅಂತ ಈ ಮಕ್ಕಳು ಮಾಡಿದ ಉಪಕಾರ ಅದು. ಆ ಉಪಕಾರಾನ ಹಿಡ್ಕೊಂಡು ಆ ತಾಯಿಯ ಕೆಲಸಾನೇ ಕಿತ್ಕೊಳ್ಳೋಣ ಅಂತ ನಮ್ಮ ಸಾಹೇಬರು ಹೇಳ್ತಿದ್ದಾರೆ. ಅದನ್ನ ನನ್ನ ಬಾಯಿಂದ ಮಂಡಿಸಬೇಕಂತೆ. ಮಂಡಿಸಲ್ಲ!"

ಬಿಸ್ಕತ್ತು ಮುರಿಯುವ ಸದ್ದು ನಿಂತಿತು. ಬೆಣ್ಣೆ ಸಾಹೇಬರ ನಗು ಮಾತ್ರ ಇದ್ದಲ್ಲೇ ಇತ್ತು.

"ಮೇಡಂ ಸ್ವಲ್ಪ ಭಾವುಕರಾಗಿದ್ದಾರೆ," ಎಂದರು. "ಪ್ರಶ್ನೆ ಸರಳ. ಮಕ್ಕಳನ್ನೇ ಕೇಳೋಣ. ಏನಮ್ಮಾ, ನೀವಿಬ್ಬರೇ ಕೌಂಟರ್ ನಡೆಸಬಲ್ಲಿರಾ, ಇಲ್ವಾ? ಸುಳ್ಳು ಹೇಳ್ಬೇಡ."

ಕನ್ನಡಕದ ಹುಡುಗಿ ಗುಡುಗಮ್ಮನ ಮುಖ ನೋಡಿದಳು. ಗುಡುಗಮ್ಮ ಕಣ್ಣು ತಪ್ಪಿಸಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ.

"ನಡೆಸಬಲ್ಲೆವು ಸರ್."

ಬೆಣ್ಣೆ ಸಾಹೇಬರು ಕೈ ಚಾಚಿ, ಮುಗಿಯಿತಲ್ಲ ಎಂಬಂತೆ ಸುತ್ತ ನೋಡಿದರು.

"ಆದರೆ ಸರ್," ಹುಡುಗಿ ಇನ್ನೂ ನಿಂತೇ ಇದ್ದಳು. "ಅಕ್ಕ ಪಕ್ಕದಲ್ಲಿದ್ರೆ ಅದು ಕಲಿಕೆ. ಅಕ್ಕ ಇಲ್ಲದೆ ನಾವೇ ಕೂತ್ರೆ ಅದು ಕೆಲಸ. ಕೆಲಸ ಆದ್ರೆ ನಮಗೆ ಸಂಬಳ ಯಾವಾಗಿಂದ ಸರ್?"

ಉದ್ದಣ್ಣನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಅಧ್ಯಕ್ಷೆ ಮೊದಲ ಸಲ ಗಡಿಯಾರದಿಂದ ಕಣ್ಣು ಕಿತ್ತರು. "ಸರಿಯಾದ ಪ್ರಶ್ನೆ," ಎಂದರು. "ಇದಕ್ಕೆ ಉತ್ತರ ಏನು?"

ಬೆಣ್ಣೆ ಸಾಹೇಬರು ಬಿಸ್ಕತ್ತಿನ ತಟ್ಟೆಯನ್ನು ಅಧ್ಯಕ್ಷೆಯ ಕಡೆ ಸರಿಸಿದರು. ಸದಸ್ಯರೊಬ್ಬರು ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದರೆ ಕಷ್ಟ ಎಂದರು. ಇನ್ನೊಬ್ಬರು ಪತ್ರಿಕೆಯವರ ಕಿವಿಗೆ ಬಿದ್ದರೆ ಇನ್ನೂ ಕಷ್ಟ ಎಂದರು. ರೇಡಿಯೋಳ ಗುತ್ತಿಗೆಯನ್ನು ಮುಂದುವರಿಸಬೇಕೆಂದು ತೀರ್ಮಾನವಾಯಿತು. ಗುಡುಗಮ್ಮ ಉಸಿರು ಬಿಟ್ಟು ಕುರ್ಚಿಗೆ ಕುಸಿಯುವಷ್ಟರಲ್ಲಿ ಬೆಣ್ಣೆ ಸಾಹೇಬರು ಮತ್ತೆ ಬಾಯಿ ತೆರೆದರು.

"ಬಹಳ ಒಳ್ಳೇದು. ಮೇಡಂ ಹೇಳಿದ್ದು ನನಗೂ ಮನವರಿಕೆ ಆಯ್ತು. ಇಂಟರ್ನ್ ಅಂದ್ರೆ ಪಕ್ಕದಲ್ಲಿ ಕಲಿಸೋರು ಇರ್ಲೇಬೇಕು. ಹಾಗೆ ಕಲಿಸ್ತಾ ಕೂತ್ರೆ ಸಿಬ್ಬಂದಿ ತಮ್ಮ ಕೆಲಸ ಯಾವಾಗ ಮಾಡ್ತಾರೆ? ಅವರ ಮೇಲೆ ಹೊರೆ ಹಾಕೋದು ತಪ್ಪು. ಆದ್ದರಿಂದ ಮುಂದಿನ ಸೆಮಿಸ್ಟರಿನಿಂದ ಇಂಟರ್ನ್‌ಷಿಪ್ ನಿಲ್ಲಿಸೋಣ."

"ಇಲ್ಲ! ಅದು ಹೇಗೆ..." ಎಂದು ಗುಡುಗಮ್ಮ ಏಳುವ ಹೊತ್ತಿಗೆ ಅಧ್ಯಕ್ಷೆ ಮತ್ತೆ ಗಡಿಯಾರ ನೋಡಿ, ಆಗಲಿ, ಸದ್ಯಕ್ಕೆ ನಿಲ್ಲಿಸಿ, ಆಮೇಲೆ ನೋಡೋಣ ಎಂದಿದ್ದರು. ಕಾಗದಗಳು ಮಡಚಿಕೊಂಡವು. ಕೂದಲು ಈ ಸಲ ಬೆಣ್ಣೆಯ ಆ ಪಕ್ಕದಿಂದ ಹೊರಬಂದಿತ್ತು.

ಇಬ್ಬರಿಗೂ ಕ್ರೆಡಿಟ್ ಸಿಕ್ಕಿತು. ಕೊನೆಯ ದಿನ ಉದ್ದಣ್ಣ ರೇಡಿಯೋಗೆ ಕೂಸಿಗೆಂದು ಒಂದು ಗಿಲಕಿ ತಂದುಕೊಟ್ಟ. ಗುಡುಗಮ್ಮನಿಗೆ ಯಾರೂ ಏನೂ ಕೊಡಲಿಲ್ಲ, ಅವಳಿಗೆ ಕೊಡಲು ಎಲ್ಲರಿಗೂ ಭಯ. ಕನ್ನಡಕದ ಹುಡುಗಿ ಮಾತ್ರ ಹೋಗುವಾಗ, "ನನ್ನ ತಂಗಿ ಮುಂದಿನ ವರ್ಷ ಇಲ್ಲಿಗೇ ಸೇರ್ತಾಳೆ ಮೇಡಂ. ಅವಳಿಗೂ ನೀವೇ ಕಲಿಸ್ಬೇಕು," ಎಂದಳು. ಗುಡುಗಮ್ಮ "ಹೋಗು, ಹೋಗು, ಬಸ್ಸು ತಪ್ಪುತ್ತೆ," ಎಂದು ಗದರಿದಳು. ಆ ಮೇಲೆ ಹಳೆಯ ಪತ್ರಿಕೆಗಳ ಕೋಣೆಗೆ ಹೋಗಿ ಸಾಕಷ್ಟು ಹೊತ್ತು ಹೊರಗೆ ಬರಲಿಲ್ಲ.

ರೇಡಿಯೋ ಗುಡುಗಮ್ಮನ ಹತ್ತಿರ ಉಪಕಾರವಾಯಿತು ಎಂದು ಹೇಳಲೇ ಇಲ್ಲ. ಅದನ್ನು ಕಾದೂ ಕಾದೂ ಒಂದು ದಿನ ಗುಡುಗಮ್ಮ ತಾನೇ ಕೆದಕಿದಾಗ, "ನೀವೇ ಕಸಿದಿದ್ದನ್ನ ನೀವೇ ವಾಪಸ್ ಕೊಟ್ರಿ. ಪುಸ್ತಕ ತಂದುಕೊಟ್ಟೋರಿಗೆಲ್ಲ ನಾನು ಕೈಮುಗಿತೀನಾ?" ಎಂದು ಕೇಳಿದಳು. ಗುಡುಗಮ್ಮನಿಗೆ ಕೋಪ ಬರಬೇಕಿತ್ತು. ಯಾಕೋ, ಅವಳ ಬಗ್ಗೆ ಮೊದಲ ಸಲ ಗೌರವ ಬಂತು.

ಹೊಸ ಸೆಮಿಸ್ಟರ್ ಶುರುವಾಯಿತು. ಕೌಂಟರಿನ ಎರಡನೇ ಕುರ್ಚಿಯ ಮೇಲೆ ರೇಡಿಯೋಳ ಕೈಚೀಲ ಕೂತಿತ್ತು. ಸಾಲು ಬಾಗಿಲವರೆಗೆ ಬೆಳೆದಿದ್ದ ಒಂದು ಬೆಳಿಗ್ಗೆ, ಎರಡು ಜಡೆ ಹಾಕಿದ್ದ ಒಬ್ಬಳು ಹುಡುಗಿ ಪುಸ್ತಕವೇನೂ ಇಲ್ಲದೆ ಬಂದು ನಿಂತಳು.

"ಇಲ್ಲಿ ಇಂಟರ್ನ್‌ಷಿಪ್ ಕೊಡ್ತಾರಂತೆ. ಯಾರನ್ನ ಕೇಳ್ಬೇಕು?"

ಗುಡುಗಮ್ಮ ಪಕ್ಕದ ಕಪಾಟಿನ ಹತ್ತಿರವೇ ಇದ್ದಳು. "ಈಗ ಇಲ್ಲ," ಎಂದಳು.

"ಯಾಕೆ ಮೇಡಂ? ಹೋದ ವರ್ಷ ಇತ್ತಲ್ಲ? ನಮ್ಮಕ್ಕ ಇಲ್ಲೇ ಮಾಡಿದ್ದು."

ಗುಡುಗಮ್ಮ ಬಾಯಿ ತೆರೆದಳು. ಸ್ಕ್ಯಾನರ್ ಹಿಡಿದುಕೊಂಡೇ, ತಲೆಯೆತ್ತದೆ, ರೇಡಿಯೋ ಹೇಳಿದಳು. "ನಾನಿದ್ದೀನಲ್ಲಮ್ಮ, ಅದಕ್ಕೆ ಇಲ್ಲ. ನಾನು ಹೋಗಿದ್ರೆ ನಿನಗೆ ಈ ಕುರ್ಚಿ ಸಿಗ್ತಿತ್ತು."

"ಅಲ್ಲ!"

ಅಂಥ ಗುಡುಗನ್ನು ಆ ಕಟ್ಟಡ ಅದುವರೆಗೆ ಕೇಳಿರಲಿಲ್ಲ. ಮೇಲಿನ ಮಹಡಿಯಲ್ಲೂ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ಗುಡುಗಮ್ಮನ ಮುಖ ಕೆಂಪಾಗಿತ್ತು. "ಅಲ್ಲ! ಹಾಗೆ ನಂಬಿಸಿದ್ದು ಅವರು. ಒಂದು ಕುರ್ಚಿ ತೋರಿಸಿ, ನೀವಿಬ್ಬರೇ ಕಿತ್ತಾಡಿಕೊಳ್ಳಿ ಅಂದ್ರು. ನಾವು ಹಲ್ಲು ಕಚ್ಚಿಕೊಂಡು ಸುಮ್ಮನಾದ್ವಿ. ಇಲ್ಲಿ ಎರಡು ಕುರ್ಚಿ ಇದೆ! ನೋಡ್ರೀ, ಕಣ್ಣು ಬಿಟ್ಟು ನೋಡಿ, ಎರಡು!"

ರೇಡಿಯೋ ನೋಡಿದಳು. ಕೈಚೀಲವನ್ನು ಎತ್ತಿ ನೆಲದ ಮೇಲಿಟ್ಟಳು.

"ಬಾರಮ್ಮ ನನ್ನ ಜೊತೆ," ಎಂದು ಗುಡುಗಮ್ಮ ಹುಡುಗಿಯ ಕೈ ಹಿಡಿದು ಮೆಟ್ಟಿಲ ಕಡೆ ನಡೆದಳು. ಹಿಂದೆ ಸ್ಕ್ಯಾನರನ್ನು ಮೇಜಿನ ಮೇಲೆ ಕುಕ್ಕಿದ ಸದ್ದು ಕೇಳಿಸಿತು.

"ರೀ, ನೀವೆಲ್ಲಿಗೆ ಹೊರಟ್ರಿ? ಸಾಲು ನಿಂತಿದೆ!"

"ನಿಂತಿರ್ಲಿ," ಎಂದಳು ರೇಡಿಯೋ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ಯಾರೂ ಇಲ್ದಿದ್ರೆ ಹೇಗಿರುತ್ತೆ ಅಂತ ಅವರೂ ಒಂದ್ಸಲ ನೋಡ್ಲಿ. ಮಾತಾಡೋದನ್ನ ನನಗೆ ಬಿಡಿ. ನೀವು ಮಧ್ಯೆ ಮಧ್ಯೆ 'ಸರ್' ಅಂದುಬಿಡ್ತೀರಿ."

ಮೂವರೂ ಮೆಟ್ಟಿಲು ಹತ್ತಿದರು. ಬೆಣ್ಣೆ ಸಾಹೇಬರ ಕೋಣೆಯ ಬಾಗಿಲನ್ನು ಗುಡುಗಮ್ಮ ತಟ್ಟಲಿಲ್ಲ, ಭುಜ ಕೊಟ್ಟು ನೂಕಿದಳು. ಅದು ತನ್ನ ಅಭ್ಯಾಸದಂತೆ ನಿಧಾನವಾಗಿ ಮುಚ್ಚಿಕೊಳ್ಳಲು ಹಿಂದಕ್ಕೆ ಬಂದಾಗ, ರೇಡಿಯೋ ತನ್ನ ಚಪ್ಪಲಿಯ ಕಾಲನ್ನು ಅಡ್ಡ ಇಟ್ಟಳು.